ನೈಸ್ ಮಾಡಿದ್ರೂ ಕೇಳಲ್ಲ

ರಾತ್ರಿ ಊಟ ಮುಗಿಸಿ ಕರೆಂಟ್ ಬಿಲ್ ಕಟ್ಟೋಣ ಅಂತ ಕೂತರೆ ಸಾಕು, ಕಂಪ್ಯೂಟರಲ್ಲಿ ಫೈಲುಗಳ ನಕಲು ತೆಗೆದಿಡೋ ಬ್ಯಾಕಪ್ ಪ್ರೋಗ್ರಾಮಿಗೆ ಎಚ್ಚರ ಆಗುತ್ತೆ. ಬೆಳಗ್ಗೆಯಿಂದ ಏನು ಮಾಡ್ತಿತ್ತೋ ದೇವರೇ ಬಲ್ಲ! ಮೌಸ್ ತೆವಳುತ್ತೆ, ಫ್ಯಾನು ಮಿಕ್ಸಿ ಥರ ಕೂಗುತ್ತೆ.

ನನ್ನ ಕಂಪ್ಯೂಟರಲ್ಲಿ ಇರೋದು ವಿಂಡೋಸ್ ಅಲ್ಲ, ಲಿನಕ್ಸ್. ಇಲ್ಲಿ ಯಾವ ಪ್ರೋಗ್ರಾಮಿಗೆ ಎಷ್ಟು ಆದ್ಯತೆ ಅನ್ನೋ ಅಳತೆಗೆ 'ನೈಸ್' ಅಂತ ಹೆಸರು. -20 ಅಂದ್ರೆ ಎಲ್ಲರನ್ನೂ ತಳ್ಳಿ ನುಗ್ಗೋದು, 19 ಅಂದ್ರೆ 'ನೀವು ಮೊದಲು ಹೋಗಿ ಸ್ವಾಮಿ' ಅನ್ನೋದು. ಬ್ಯಾಕಪ್ಪಿಗೆ 19 ಕೊಟ್ಟೆ. ಊಹೂಂ, ಒಂಚೂರೂ ಬದಲಾಗಲಿಲ್ಲ. ಯಾಕಂದ್ರೆ ಅದು ಬಿಟ್ಟುಕೊಟ್ಟಿದ್ದು ಲೆಕ್ಕ ಮಾಡೋ ಚಿಪ್ಪಿನ, ಅಂದ್ರೆ ಸಿಪಿಯುವಿನ, ಸರದಿ ಮಾತ್ರ. ನೂಕುನುಗ್ಗಲು ಇದ್ದದ್ದು ನನ್ನ ಹಳೇ ಹಾರ್ಡ್ ಡಿಸ್ಕಿನ ಬಾಗಿಲಲ್ಲಿ. ಅದಕ್ಕೆ 'ಅಯೊನೈಸ್' ಅಂತ ಬೇರೆಯೇ ಕಮಾಂಡು. ಅದನ್ನೂ ಡಿಸ್ಕಿನ ಸರದಿ ನೋಡಿಕೊಳ್ಳೋ ಶೆಡ್ಯೂಲರ್‌ಗಳೆಲ್ಲ ಲೆಕ್ಕಕ್ಕೆ ತಗೊಳ್ಳಲ್ಲ, ಕೆಲವು ಮಾತ್ರ.

ಹಾಳಾಗ್ಲಿ, ಬೇಗ ಮುಗಿಸಲಿ ಅಂತ 19ನ್ನು ವಾಪಸ್ 0ಗೆ ತರೋಕೆ ಹೋದೆ. 'ಪರ್ಮಿಷನ್ ಡಿನೈಡ್' ಅಂತು. ನೈಸ್ ಏರಿಸೋಕೆ ನಾನು ಸಾಕಂತೆ, ಇಳಿಸೋಕೆ ರೂಟ್, ಅಂದ್ರೆ ಕಂಪ್ಯೂಟರಿನ ಯಜಮಾನ ಖಾತೆ, ಆಗಬೇಕಂತೆ. ಮನೆ ನನ್ನದು, ಕಂಪ್ಯೂಟರು ನನ್ನದು, ಕಟ್ಟಬೇಕಾದ ಬಿಲ್ಲೂ ನನ್ನದೇ!

ಇಷ್ಟೆಲ್ಲ ಒದ್ದಾಡಿ ಹಾಕಿದ ಆ 19, ನಾಳೆ ಪ್ರೋಗ್ರಾಮು ಹೊಸದಾಗಿ ಶುರುವಾದಾಗ ಅದಕ್ಕೆ ನೆನಪೂ ಇರಲ್ಲ. ಬಿಲ್ ಮೊಬೈಲಲ್ಲಿ ಕಟ್ಟಿ ಮಲಗಿದೆ. ಫ್ಯಾನು ಇನ್ನೂ ಕೂಗ್ತಾನೇ ಇತ್ತು.