ಸ್ಕೀಮಾ ಹಾಕಿದೊಡನೆ ರ‍್ಯಾಂಕ್ ಏರುವುದಿಲ್ಲ
ಸ್ಕೀಮಾ ಮಾರ್ಕಪ್ (ಪುಟದ ವಿಷಯವನ್ನು ಹುಡುಕಾಟದ ಯಂತ್ರಗಳಿಗೆ ವಿವರಿಸುವ ಕೋಡ್) ಸೇರಿಸಿದರೆ ಹುಡುಕಾಟದಲ್ಲಿ ವೆಬ್ ಪುಟದ ರ‍್ಯಾಂಕ್ ತಾನಾಗಿಯೇ ಮೇಲೇರುತ್ತದೆ ಎಂಬ, ನಾನು ಓದಿದ ಲೇಖನವೊಂದರ ಮಾತನ್ನು ನಾನು ಒಪ್ಪಲಾರೆ. 2011ರಲ್ಲಿ ಗೂಗಲ್, ಬಿಂಗ್ ಮತ್ತು ಯಾಹೂ ಸೇರಿ ಈ ಕೋಡಿಗೆ ಸಮಾನ ಪದಪಟ್ಟಿ ಒದಗಿಸುವ ಸ್ಕೀಮಾ ಡಾಟ್ ಆರ್ಗ್ ಆರಂಭಿಸಿದ್ದು ಪುಟದಲ್ಲಿರುವುದು ಏನೆಂದು ಯಂತ್ರಕ್ಕೆ ಸ್ಪಷ್ಟವಾಗಿ ತಿಳಿಸುವುದಕ್ಕಾಗಿ. ಅದರಿಂದ ಬೆಲೆ, ರೇಟಿಂಗ್‌ಗಳಂಥ ವಿವರಗಳು ಹುಡುಕಾಟದ ಫಲಿತಾಂಶದಲ್ಲೇ ಕಾಣಿಸಿಕೊಳ್ಳುವ ಅರ್ಹತೆ ದೊರೆಯುತ್ತದೆಯೇ ಹೊರತು ಖಾತರಿಯಲ್ಲ. 2023ರಲ್ಲಿ ಗೂಗಲ್ ಎಫ್‌ಎಕ್ಯೂ (ಪದೇ ಪದೇ ಕೇಳುವ ಪ್ರಶ್ನೋತ್ತರಗಳ) ಫಲಿತಾಂಶಗಳನ್ನು ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ತಾಣಗಳಿಗೆ ಸೀಮಿತಗೊಳಿಸಿದ್ದನ್ನೂ ಲೇಖಕರು ಹೇಳಬೇಕಿತ್ತು. ನಾನು ನೋಡಿಕೊಳ್ಳುವ ತಾಣವೊಂದರಲ್ಲಿ, ಈ ಮಾರ್ಕಪ್ ಬರೆಯುವ ರೂಪವಾದ ಜೇಸನ್-ಎಲ್‌ಡಿಯ ಕೊನೆಯ ಸಾಲಿನ ತುದಿಯಲ್ಲಿ ಉಳಿದುಹೋಗಿದ್ದ ಒಂದೇ ಒಂದು ಅಲ್ಪವಿರಾಮದಿಂದ ಇಡೀ ಬ್ಲಾಕ್ ಅಮಾನ್ಯವಾಗಿದ್ದುದು ವಾರಗಟ್ಟಲೆ ಯಾರ ಗಮನಕ್ಕೂ ಬಂದಿರಲಿಲ್ಲ. ಆದ್ದರಿಂದ ಪ್ರಕಟಿಸುವ ಮುನ್ನ ಗೂಗಲ್‌ನ ಪರೀಕ್ಷಾ ಸಾಧನವಾದ ರಿಚ್ ರಿಸಲ್ಟ್ಸ್ ಟೆಸ್ಟ್‌ನಲ್ಲಿ ಪರಿಶೀಲಿಸಲೇಬೇಕು. ಓದುಗರ ಕಣ್ಣಿಗೆ ಬೀಳದ ರೇಟಿಂಗನ್ನು ಕೋಡಿನಲ್ಲಿ ಮಾತ್ರ ತುಂಬುವುದಂತೂ ಗೂಗಲ್‌ನ ನಿಯಮಗಳಿಗೇ ವಿರುದ್ಧ.