ಬರುವಾಗ ಇಳಿಜಾರು

ವಿಮಾನದ ಟಿಕೆಟ್ಟಿನಲ್ಲಿ ಹೊರಡುವ ವೇಳೆಯನ್ನು ಹೊರಡುವ ಊರಿನ ಗಡಿಯಾರದ ಪ್ರಕಾರವೂ, ತಲುಪುವ ವೇಳೆಯನ್ನು ತಲುಪುವ ಊರಿನ ಗಡಿಯಾರದ ಪ್ರಕಾರವೂ ಮುದ್ರಿಸುವ ಪದ್ಧತಿಯನ್ನು ಯಾರು ಹುಟ್ಟುಹಾಕಿದರೋ, ಅವರಿಗೆ ನಮ್ಮ ಮಾವನಂಥ ಬಂಧುಗಳು ಇದ್ದಿರಲಾರರು. ಬ್ಯಾಂಕಿನಲ್ಲಿ ಜೀವಮಾನವಿಡೀ ಲೆಕ್ಕ ತಾಳೆ ನೋಡಿದ ಮಾವ, ಮಳೆಗಾಲದಲ್ಲಿ ಬೆಂಗಳೂರಿನಿಂದ ಸಿಂಗಪುರದ ಮಗಳ ಮನೆಗೆ ಹೊರಟಾಗ ಟಿಕೆಟ್ಟನ್ನು ಪಾಸ್‌ಬುಕ್ಕಿನಂತೆ ಹಿಡಿದು ಪರಿಶೀಲಿಸಿದರು. ಹೋಗುವಾಗ ರಾತ್ರಿ 11.10ಕ್ಕೆ ಹೊರಟು ಬೆಳಗ್ಗೆ 6.10ಕ್ಕೆ ಇಳಿಯುವುದು, ಅಂದರೆ ಏಳು ಗಂಟೆ. ಬರುವಾಗ ರಾತ್ರಿ 8ಕ್ಕೆ ಹೊರಟು 9.50ಕ್ಕೆ ಇಳಿಯುವುದು, ಅಂದರೆ ಎರಡು ಗಂಟೆಗೂ ಕಡಿಮೆ. “ಬರುವಾಗ ಇಳಿಜಾರು ಇರಬೇಕು ಕಣೋ” ಎಂದು ತೀರ್ಪಿತ್ತರು.

ಆಕಾಶಮಾರ್ಗ ಸುಮಾರು 3,200 ಕಿ.ಮೀ., ಹೋದರೂ ಬಂದರೂ ನಾಲ್ಕೂವರೆ ಗಂಟೆಯ ಆಸುಪಾಸು, ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ ಎಂದು ವಿವರಿಸಿದೆ. “ಗಂಟೆಗೆ ಒಂಬೈನೂರು ಕಿ.ಮೀ. ಓಡುವ ವಿಮಾನಕ್ಕೆ ಮೂರೂವರೆ ಗಂಟೆ ಸಾಕಲ್ಲ, ಉಳಿದ ಒಂದು ಗಂಟೆ ಯಾರ ಖಾತೆಗೆ?” ಎಂದು ಕೇಳಿದರು. ರನ್‌ವೇಯ ಸರದಿ, ಮೇಲೇರುವ ಮತ್ತು ಕೆಳಗಿಳಿಯುವ ನಿಧಾನ, ಇಳಿಯಲು ಅನುಮತಿ ಸಿಗುವತನಕ ಸುತ್ತುವುದು, ಎಲ್ಲವೂ ಆ ಗಂಟೆಯಲ್ಲೇ ಸೇರಿವೆ ಎಂದರೆ, ವೋಚರ್ ಇಲ್ಲದ ಖರ್ಚಿನ ಬಗ್ಗೆ ಕೇಳಿದವರ ಹಾಗೆ ಮುಖ ಮಾಡಿದರು.

ಏಳು ಗಂಟೆ ನಿದ್ರಿಸುವ ಸಂಕಲ್ಪದಿಂದ ಮಂಕಿ ಕ್ಯಾಪ್ ಎಳೆದುಕೊಂಡ ಮಾವನನ್ನು ಮಧ್ಯರಾತ್ರಿ ದಾಟಿದ ಮೇಲೆ ಊಟಕ್ಕೆಂದು ಎಬ್ಬಿಸಲಾಯಿತು. ತಟ್ಟೆ ಹಿಂದಿರುಗಿಸಿ ಕಣ್ಣು ಮುಚ್ಚುವಷ್ಟರಲ್ಲಿ, ಸೀಟು ನೇರ ಮಾಡಿಕೊಳ್ಳಿ ಎಂಬ ಘೋಷಣೆಯೊಂದಿಗೆ ದೀಪಗಳು ಮತ್ತೆ ಹತ್ತಿದವು. ಇಳಿದಾಗ ಹೊರಗೆ ಕಗ್ಗತ್ತಲು. ಸಂಧ್ಯಾವಂದನೆಗೆ ಸೂರ್ಯನೇ ಇಲ್ಲವಲ್ಲ ಎಂದು ಮಾವ ಕಂಗಾಲಾದರು. ಅಲ್ಲಿ ಸೂರ್ಯೋದಯವಾಗುವುದು ಏಳರ ಸುಮಾರಿಗೆ. ಮಲೇಷ್ಯಾದೊಂದಿಗೆ ಹೊಂದಿಕೊಳ್ಳಲೆಂದು 1982ರ ಜನವರಿ 1ರಂದು ಸಿಂಗಪುರ ತನ್ನ ಗಡಿಯಾರವನ್ನು ಅರ್ಧ ಗಂಟೆ ಮುಂದೂಡಿಕೊಂಡಿತು. ಅದಕ್ಕೆ ಮೊದಲು ವ್ಯತ್ಯಾಸ ನೇರ ಎರಡು ಗಂಟೆಯಷ್ಟೇ ಇತ್ತೆಂದು ತಿಳಿದಾಗ, ಆ ಅರ್ಧ ಗಂಟೆಯನ್ನು ತಮ್ಮ ನಿದ್ದೆಯಿಂದಲೇ ಕಿತ್ತುಕೊಂಡರೆಂದು ಅವರು ನೊಂದುಕೊಂಡರು.

ಇಳಿಜಾರಿನ ಮಾತು ಪೂರ್ತಿ ಸುಳ್ಳಲ್ಲವೆಂಬುದನ್ನು ಮಾತ್ರ ನಾನು ಅವರಿಂದ ಮುಚ್ಚಿಟ್ಟೆ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ, ಬಹಳ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ರಭಸದ ಗಾಳಿ ಬೀಸುತ್ತದೆ. ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1950ರ ದಶಕದಲ್ಲಿ ಇದನ್ನು ವಿವರಿಸಿದರು. ಅದು ಬೆನ್ನಿಗೆ ಬಂದರೆ ಹಿಂತಿರುಗುವಾಗ ಕೆಲವು ನಿಮಿಷ ಉಳಿದೀತು. ಹೇಳಿದ್ದರೆ ಬಂಧುಬಳಗಕ್ಕೆಲ್ಲ ಇಳಿಜಾರನ್ನೇ ಉಪದೇಶಿಸುತ್ತಿದ್ದರು.

ಹೇಳದೆಯೂ ಅನಾಹುತ ತಪ್ಪಲಿಲ್ಲ. ಹಿಂತಿರುಗುವ ದಿನ ಫೋನ್ ಆರಿಸುವ ಮುನ್ನ ಮಾವ ಮಗನಿಗೆ ಕರೆ ಮಾಡಿ, “ಹೊರಟೆವು, ಎರಡು ಗಂಟೆಯಲ್ಲಿ ಅಲ್ಲಿರುತ್ತೇವೆ” ಎಂದುಬಿಟ್ಟರು. ಬಸವನಗುಡಿಯಲ್ಲಿ ಆಗ ಸಂಜೆ ಐದೂವರೆ. ಅಪ್ಪನ ಲೆಕ್ಕವನ್ನು ಎಂದೂ ಪ್ರಶ್ನಿಸದ ಆತ ತಕ್ಷಣ ಕಾರು ಹತ್ತಿ, ಏಳೂವರೆಯ ಹೊತ್ತಿಗೆ ದೇವನಹಳ್ಳಿ ಸೇರಿ, ನಾವು ಟ್ರಾಲಿ ತಳ್ಳಿಕೊಂಡು ಹೊರಬರುವವರೆಗೂ ಕಾಫಿಯ ಮೇಲೆ ಕಾಫಿ ಕುಡಿಯುತ್ತ ಕಂಬಿಗೆ ಒರಗಿ ನಿಂತಿದ್ದ. ಪಾರ್ಕಿಂಗ್ ರಸೀದಿಯನ್ನು ಅವನು ಮುಂದೆ ಹಿಡಿದಾಗ, ಮಾವ ಅದನ್ನು ಎರಡು ಸಲ ಓದಿ, “ಹೋಗುವಾಗ ಕಿತ್ತುಕೊಂಡ ಎರಡೂವರೆ ಗಂಟೆಯನ್ನು ಈಗಷ್ಟೇ ಹಿಂದಿರುಗಿಸಿದ್ದರು, ನೀನು ಅದನ್ನೂ ಇಲ್ಲೇ ನಿಂತು ಖರ್ಚು ಮಾಡಿದೆಯಲ್ಲೋ” ಎಂದರು.