ಸರ್ಕಾರಿ ಸೇಬಿನ ಹುಳುಕು

ಹಣ್ಣಿನಂಗಡಿಯಲ್ಲಿ ಸೇಬನ್ನು ಕೈಗೆತ್ತಿಕೊಂಡವರು ಯಾರೇ ಆಗಲಿ, ಮೊದಲು ಅದನ್ನು ತಿರುಗಿಸಿ ನೋಡುತ್ತಾರೆ; ಕೆಂಪಾದ ಮಗ್ಗುಲನ್ನೇ ಮೇಲೆ ಮಾಡಿ ಜೋಡಿಸಿಟ್ಟಿರುತ್ತಾರೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಮೆರಿಕದ ಕೃಷಿ ಇಲಾಖೆಯು 1886ರಿಂದ 1942ರವರೆಗೆ ಬರೆಸಿದ ಹಣ್ಣುಗಳ ಜಲವರ್ಣ ಚಿತ್ರಗಳು ನನಗೆ ಹಿಡಿಸಿರುವುದು, ಹೀಗೆ ತಿರುಗಿಸಿ ನೋಡುವ ಕೆಲಸವನ್ನು ಅವು ನಮಗಾಗಿ ಮೊದಲೇ ಮಾಡಿಟ್ಟಿವೆ ಎಂಬ ಕಾರಣಕ್ಕೆ. ಏಳೂವರೆ ಸಾವಿರಕ್ಕೂ ಮೀರಿದ ಆ ಸಂಗ್ರಹದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸೇಬುಗಳೇ ಇವೆ.

ಸರ್ಕಾರವೊಂದು ಸಂಬಳ ಕೊಟ್ಟು ಸೇಬಿನ ಚಿತ್ರ ಬರೆಸುವುದು ವಿಚಿತ್ರವೆನಿಸಬಹುದು. ಆದರೆ ಸೇಬಿನ ಬೀಜ ನೆಟ್ಟರೆ ತಾಯಿಮರದ ಹಣ್ಣೇ ಸಿಕ್ಕುವ ಭರವಸೆಯಿಲ್ಲ. ಕಸಿ ಮಾಡಿಯೇ ತಳಿಯನ್ನು ಉಳಿಸಿಕೊಳ್ಳಬೇಕು. ಕಸಿಗಿಡ ಕೊಳ್ಳುವ ರೈತನು ಬರಿಯ ಹೆಸರನ್ನು ನಂಬಿ ದುಡ್ಡು ಕೊಟ್ಟು, ಫಲ ಕಾಣಲು ವರ್ಷಗಟ್ಟಲೆ ಕಾಯುತ್ತಿದ್ದನು. ನರ್ಸರಿಗಳ ಏಜೆಂಟರು ಬಣ್ಣಬಣ್ಣದ ಚಿತ್ರಗಳ ಪುಸ್ತಕ ಹಿಡಿದು ಊರೂರು ಸುತ್ತುತ್ತಿದ್ದ ಆ ಕಾಲದಲ್ಲಿ, ಒಂದೇ ತಳಿಗೆ ಹಲವು ಹೆಸರುಗಳೂ ಹಲವು ತಳಿಗಳಿಗೆ ಒಂದೇ ಹೆಸರೂ ಚಲಾವಣೆಯಲ್ಲಿದ್ದವು. ಗಿಡಗಳಿಗೆ ಪೇಟೆಂಟ್ ಕೊಡುವ ಕಾಯ್ದೆ ಅಲ್ಲಿ ಬಂದದ್ದೇ 1930ರಲ್ಲಿ. ಇಂಥ ಗೊಂದಲ ಬಿಡಿಸಲು ಇಲಾಖೆಯು ಮೊದಲು ನೇಮಿಸಿಕೊಂಡ ಚಿತ್ರಕಾರ ವಿಲಿಯಂ ಹೆನ್ರಿ ಪ್ರೆಸ್ಟೆಲೆಯು ನರ್ಸರಿಗಳಿಗಾಗಿಯೇ ಚಿತ್ರ ಬರೆಯುತ್ತಿದ್ದ ಮನೆತನದವನು. ಮೆರುಗು ಕೊಡುವ ಕಲೆ ಬಲ್ಲವನಿಗೆ, ಅದನ್ನು ಎಲ್ಲಿ ಬಿಡಬೇಕೆಂಬುದೂ ಗೊತ್ತಿರುತ್ತದೆ!

ಅವನ ನಂತರ ಬಂದವರಲ್ಲಿ ಹೆಂಗಸರೇ ಹೆಚ್ಚು ಬರೆದರು. 1892ರಲ್ಲಿ ಸೇರಿ 1911ರಲ್ಲಿ ತೀರಿಕೊಳ್ಳುವವರೆಗೂ ದುಡಿದ ಡೆಬೊರಾ ಗ್ರಿಸ್ಕಮ್ ಪ್ಯಾಸ್‌ಮೋರ್ ಒಬ್ಬಳ ಕೈಯಿಂದಲೇ ಸಾವಿರಕ್ಕೂ ಮಿಕ್ಕಿ ಚಿತ್ರಗಳು ಮೂಡಿದವು. ಹಾಳೆಯ ಮೇಲ್ಭಾಗದಲ್ಲಿ ಇಡಿಯ ಹಣ್ಣು, ಕೆಳಗೆ ಉದ್ದಕ್ಕೆ ಸೀಳಿದ ಹೋಳು, ಅದರ ನಡುವೆ ಬೀಜದ ಗೂಡು, ಪಕ್ಕದಲ್ಲಿ ತಳಿಯ ಹೆಸರು, ಹಣ್ಣು ಬಂದ ಊರು, ತಾರೀಖು. ಕೆಲವು ಹಾಳೆಗಳಲ್ಲಿ ಹುಳು ಕೊರೆದ ದಾರಿ, ಅದರ ಸುತ್ತ ಕಂದಿದ ತಿರುಳು, ಕೊಳೆತ ಭಾಗದ ಅಂಚಿನಲ್ಲಿ ಕಂದು ಬಣ್ಣ ಹಂತಹಂತವಾಗಿ ಗಾಢವಾಗುವ ಬಗೆ, ಎಲ್ಲವೂ ಕೆಂಪು ಸಿಪ್ಪೆಗೆ ಸಂದಷ್ಟೇ ಶ್ರದ್ಧೆಯಿಂದ ಬಂದಿವೆ. ಕೊಳೆತ ಹಣ್ಣನ್ನು ಇಷ್ಟು ಚೆಂದವಾಗಿ ಬರೆಯುವುದು ಸರಿಯೇ ಎಂದು ಒಮ್ಮೊಮ್ಮೆ ಅನಿಸುವುದುಂಟು. ಆದರೆ ರೋಗ ಗುರುತಿಸಬೇಕಾದವನಿಗೆ ಅದೇ ಬೇಕು.

ಈ ಚಿತ್ರಗಳಿಗೆ ಮತ್ತೆ ಕೆಲಸ ಸಿಕ್ಕಿದೆ. ಪಾಳುಬಿದ್ದ ತೋಟಗಳಲ್ಲಿ ಕಣ್ಮರೆಯಾದ ತಳಿಗಳನ್ನು ಹುಡುಕುವವರು, ಸಿಕ್ಕ ಸೇಬನ್ನು ಸೀಳಿ ಹಳೆಯ ಹಾಳೆಗಳೊಂದಿಗೆ ಹೋಲಿಸುತ್ತಾರೆ. ಸಿಪ್ಪೆಯ ಬಣ್ಣ ಬಿಸಿಲನ್ನು ಅನುಸರಿಸಿ ಬದಲಾಗುವುದರಿಂದ ಅದೊಂದನ್ನೇ ಅವರು ನೆಚ್ಚುವುದಿಲ್ಲ. ತೊಟ್ಟಿನ ಕುಳಿ ಎಷ್ಟು ಆಳ, ಬೀಜದ ಗೂಡು ಯಾವ ಆಕಾರ ಎಂದು ನೋಡಲು ಕೆಳಗಿನ ಹೋಳಿನತ್ತ ಹೋಗುತ್ತಾರೆ.